ಸೊಲ್ಯೂಷನ್ ಹಚ್ಚಿದ ಜಾಯಿಂಟು ಯಾಕೆ ಬಿಡುತ್ತದೆ?

2019ರ ಬೇಸಿಗೆಯಲ್ಲಿ ಬೋರಿನಿಂದ ಹೊಲಕ್ಕೆ ಹೋಗುವ ನಮ್ಮ ಪಿವಿಸಿ ಪೈಪು ಒಂದು ಜಾಯಿಂಟಿನಲ್ಲಿ ಬಿಟ್ಟಿತು. ಸೊಲ್ಯೂಷನ್ ಹಚ್ಚಿ ಕೂರಿಸಿ, ಕರೆಂಟು ಇದೆಯಲ್ಲ ಅಂತ ಕಾಲು ಗಂಟೆಗೇ ಮೋಟರು ಹಾಕಿ ಮನೆಗೆ ಬಂದೆ. ಬೆಳಿಗ್ಗೆ ನೋಡಿದರೆ ಬದುವಿನ ಪಕ್ಕ ಕೆಸರು, ಟೊಮೆಟೊ ಸಾಲಿಗೆ ಹನಿ ನೀರಿಲ್ಲ. ಒಂದೂವರೆ ಇಂಚು ನೀರಿನ ಬೋರು. ಒಂದು ರಾತ್ರಿಯ ನೀರು ನಮಗೆ ಸಣ್ಣ ಮಾತಲ್ಲ.

ಸೊಲ್ಯೂಷನ್ ಅಂದರೆ ಗೋಂದು ಅಂತ ತಿಳಿದಿದ್ದೇ ನನ್ನ ತಪ್ಪು. ಡಬ್ಬಿಯ ಮೇಲೆ ಸಾಲ್ವೆಂಟ್ ಸಿಮೆಂಟ್ ಅಂತ ಬರೆದಿರುತ್ತದೆ. ಅದರಲ್ಲಿರೋದು ಕರಗಿಸಿದ ಪಿವಿಸಿಯೇ. ಹಚ್ಚಿದಾಗ ಪೈಪಿನ ಹೊರಮೈ, ಕಾಲರಿನ ಒಳಮೈ ಎರಡೂ ಕರಗಿ ಮೆತ್ತಗಾಗಿ ಒಂದರಲ್ಲೊಂದು ಬೆರೀತವೆ. ಕರಗಿಸುವ ದ್ರವ ಆರಿದ ಮೇಲೆ ಎರಡೂ ಸೇರಿ ಒಂದೇ ಪೈಪು. ಆರುವ ಮೊದಲೇ ನೀರಿನ ಒತ್ತಡ ಬಿದ್ದರೆ ಜಾರದೆ ಇನ್ನೇನಾಗುತ್ತೆ?

ಕಪ್ಪು ಎಚ್‌ಡಿಪಿಇ ಪೈಪಿಗೆ, ಡ್ರಿಪ್ಪಿನ ಲ್ಯಾಟರಲ್ಲಿಗೆ ಇದು ಹಿಡಿಯದಿರುವುದೂ ಇದಕ್ಕೇ. ಆ ಪ್ಲಾಸ್ಟಿಕ್ಕು ಈ ದ್ರವಕ್ಕೆ ಕರಗೋದಿಲ್ಲ. ಎಷ್ಟು ಬಳಿದರೂ ಸಿಪ್ಪೆ ಸುಲಿದಂತೆ ಏಳುತ್ತದೆ. ಯಾವ ಪೈಪು ಅಂತ ಅನುಮಾನ ಇದ್ದರೆ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ. ಪಿವಿಸಿ ಮುಳುಗುತ್ತದೆ, ಎಚ್‌ಡಿಪಿಇ ತೇಲುತ್ತದೆ. ತೇಲುವುದಕ್ಕೆ ಬಿಸಿ ತಟ್ಟೆಯ ಬೆಸುಗೆ ಇಲ್ಲವೇ ಬಿಗಿಯುವ ಜಾಯಿಂಟರ್ರೇ ಗತಿ. ತಕ್ಷಣಕ್ಕೆ ಸೈಕಲ್ ಟ್ಯೂಬು ಎಳೆದು ಸುತ್ತಿ ತಂತಿ ಬಿಗಿದರೆ ಎರಡು ದಿನ ದೂಡಬಹುದು.

ಪಿವಿಸಿ ಜೋಡಿಸುವಾಗ ಪೈಪನ್ನು ನೇರಕ್ಕೆ ಕೊಯ್ಯಿರಿ, ಅಂಚಿನ ಜಿಬ್ಬು ಹೆರೆಯಿರಿ, ಮಣ್ಣು ಎಣ್ಣೆ ಇಲ್ಲದಂತೆ ಒರೆಸಿ. ಹೆಚ್ಚು ಕಾಟ ಕೊಡೋದು ತೇವ. ಹಳೇ ಲೈನಿನಲ್ಲಿ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ತಗ್ಗಿನ ಕಡೆ ಲೈನು ಬಿಚ್ಚಿ ನೀರೆಲ್ಲ ಬಸಿದು, ತುದಿಗೆ ಕಲ್ಲು ಕೊಟ್ಟು ಎತ್ತಿ, ಒಣಬಟ್ಟೆಯಲ್ಲಿ ಒರೆಸಿ. ಎರಡೂ ಕಡೆ ತೆಳುವಾಗಿ ಹಚ್ಚಿ, ತಡಮಾಡದೆ ಒತ್ತಿ ಕಾಲು ಸುತ್ತು ತಿರುವಿ, ಅರ್ಧ ನಿಮಿಷ ಬಿಡದೆ ಹಿಡಿಯಿರಿ. ಬಿಟ್ಟರೆ ತಾನೇ ಹಿಂದಕ್ಕೆ ತಳ್ಳಿಕೊಂಡು ಬರುತ್ತದೆ. ಜಾಸ್ತಿ ಸುರಿದರೆ ಗಟ್ಟಿ ಅನ್ನೋದು ಸುಳ್ಳು, ಒಳಗೆ ಗುಡ್ಡೆಯಾಗಿ ಪೈಪನ್ನೇ ಮೆತ್ತಗೆ ಮಾಡುತ್ತದೆ. ಮೋಟರು ಮಾರನೇ ದಿನ, 24 ಗಂಟೆ ಕಳೆದ ಮೇಲೆ. ಬೆಳೆ ಬಾಡ್ತಾ ಇದ್ದರೂ ನಾನೀಗ ಕಾಯುತ್ತೇನೆ.

ಡಬ್ಬಿಯಲ್ಲಿ ಲೋಳೆಯಂತೆ ಗಟ್ಟಿಯಾದದ್ದನ್ನು ಪೆಟ್ರೋಲ್, ಥಿನ್ನರ್ ಹಾಕಿ ತೆಳು ಮಾಡಬೇಡಿ, ಬಿಸಾಡಿ. ಹಚ್ಚುವಾಗ ಬೀಡಿ ಬೇಡ, ಅದರ ಆವಿಗೆ ಬೆಂಕಿ ಹತ್ತುತ್ತದೆ.

ಪೈಪು ಉದ್ದಕ್ಕೆ ಸೀಳಿದ್ದರೆ ಮೇಲೆ ಬಳಿದು ಪ್ರಯೋಜನವಿಲ್ಲ. ಸೀಳಿದಷ್ಟನ್ನು ಕತ್ತರಿಸಿ, ಹೊಸ ತುಂಡಿಟ್ಟು ಎರಡು ಕಾಲರ್ ಹಾಕಬೇಕು. ಸಣ್ಣ ತೂತಾದರೆ ಅದೇ ಅಳತೆಯ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ಒಳಮೈಗೆ ಸೊಲ್ಯೂಷನ್ ಹಚ್ಚಿ ತೂತಿನ ಮೇಲೆ ಕವುಚಿ ತಂತಿ ಕಟ್ಟಿ. ಒತ್ತಡ ಕಡಿಮೆ ಇರುವ ಕಡೆ ಮಾತ್ರ. ನಮ್ಮ ತೊಟ್ಟಿಯ ಹತ್ತಿರ ಹೀಗೆ ಹಾಕಿದ್ದು ಮೂರು ವರ್ಷದಿಂದ ಸೋರಿಲ್ಲ.