ಗಣಕದ ಪೆಟ್ಟಿಗೆ: ಸೊರಬದ ಮಳೆಗೆ, ಶಿಕಾರಿಪುರದ ಧೂಳಿಗೆ

ಡೆಸ್ಕ್‌ಟಾಪ್ ಗಣಕಯಂತ್ರದ ಪೆಟ್ಟಿಗೆಯನ್ನು ಅಂಗಡಿಯವರು 'ಕ್ಯಾಬಿನೆಟ್' ಎನ್ನುತ್ತಾರೆ. ಮನೆಗಳಲ್ಲಿ ಅದಕ್ಕೆ 'ಸಿಪಿಯು' ಎಂದೇ ಹೆಸರು. ನಿಜವಾದ ಸಿಪಿಯು, ಅಂದರೆ ಸಂಸ್ಕಾರಕ, ಆ ಪೆಟ್ಟಿಗೆಯೊಳಗೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಬಿಲ್ಲೆ ಮಾತ್ರ. ಹೊಸ ಗಣಕ ಕೊಳ್ಳುವಾಗ ಸಂಸ್ಕಾರಕ ಯಾವುದು, ಮೆಮೊರಿ ಎಷ್ಟು ಎಂದು ಹತ್ತು ಕಡೆ ವಿಚಾರಿಸುವ ನಾವು ಪೆಟ್ಟಿಗೆಯನ್ನು ಮಾತ್ರ ಬಣ್ಣ ನೋಡಿ ಆರಿಸುತ್ತೇವೆ. ಒಳಗಿನ ಭಾಗಗಳು ಎಷ್ಟು ಕಾಲ ಬಾಳುತ್ತವೆ ಎಂಬುದು ಈ ಪೆಟ್ಟಿಗೆಯನ್ನೂ ಅವಲಂಬಿಸಿದೆ ಎಂಬುದನ್ನು ಮರೆತುಬಿಡುತ್ತೇವೆ.

ಶಿವಮೊಗ್ಗ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳಾದ ಸೊರಬ ಮತ್ತು ಶಿಕಾರಿಪುರಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸೊರಬದ ಕಡೆ ಮಳೆ ಹೆಚ್ಚು. ಜುಲೈ ತಿಂಗಳಲ್ಲಿ ಬಟ್ಟೆ ಒಣಗುವುದಿಲ್ಲ, ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಶಿಕಾರಿಪುರದ ಕಡೆ ಮೆಕ್ಕೆಜೋಳದ ಒಕ್ಕಣೆ ಶುರುವಾದರೆ ಕಿಟಕಿಯ ಸರಳಿನ ಮೇಲೆಲ್ಲ ಧೂಳು. ಅಂಗಡಿಯಲ್ಲಿ ಸಿಗುವ ಸಿದ್ಧ ಪೆಟ್ಟಿಗೆಯನ್ನು ಈ ಎರಡರಲ್ಲಿ ಯಾವುದನ್ನೂ ಮನಸ್ಸಿನಲ್ಲಿಟ್ಟು ರೂಪಿಸಿರುವುದಿಲ್ಲ. ಹಾಗಿದ್ದರೆ ನಮ್ಮ ಊರಿಗೆ ತಕ್ಕ ಪೆಟ್ಟಿಗೆಯನ್ನು ನಾವೇ ಮಾಡಿಸಿಕೊಳ್ಳಬಹುದೆ? ಖಂಡಿತ ಸಾಧ್ಯ. ಪೆಟ್ಟಿಗೆ ಮಾಡುವುದು ಈ ಸೀಮೆಗೆ ಹೊಸದೂ ಅಲ್ಲ. ಸೊರಬದ ಗುಡಿಗಾರರು ಗಂಧದ ಮರದಲ್ಲಿ ಕೆತ್ತುತ್ತಿದ್ದ ಪೆಟ್ಟಿಗೆಗಳ ಕುಸುರಿಯನ್ನು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ (1897) ವಿಶೇಷವಾಗಿ ಹೇಳುತ್ತದೆ.

ಜನ ಏನನ್ನು ಬಯಸುತ್ತಾರೆ?

ಪೆಟ್ಟಿಗೆ ಮಾಡಿಸಬೇಕೆನ್ನುವವರನ್ನು ಕೇಳಿದರೆ ಬೇಡಿಕೆಗಳ ಪಟ್ಟಿ ದೊಡ್ಡದಾಗುತ್ತದೆ. ನೋಡಲು ಚೆನ್ನಾಗಿರಬೇಕು, ಸದ್ದು ಮಾಡಬಾರದು, ಬಿಸಿಯಾಗಬಾರದು, ಧೂಳು ಹೋಗಬಾರದು. ಪೆನ್‌ಡ್ರೈವ್ ಚುಚ್ಚುವ ಕಿಂಡಿಗಳು ಮುಂದೆಯೇ ಇರಬೇಕು, ಸ್ಕ್ರೂಡ್ರೈವರ್ ಇಲ್ಲದೆ ತೆರೆಯುವಂತಿರಬೇಕು, ಮುಂದೆ ಇನ್ನೊಂದು ಡಿಸ್ಕ್ ಸೇರಿಸಲು ಜಾಗವಿರಬೇಕು. ಶಾಲೆಯವರು ಬೀಗವನ್ನೂ ಕೇಳುತ್ತಾರೆ.

ಈ ಬೇಡಿಕೆಗಳಲ್ಲಿ ಕೆಲವು ಒಂದಕ್ಕೊಂದು ವಿರುದ್ಧ. ಗಾಳಿ ಬರಬೇಕಾದರೆ ಕಿಂಡಿ ಬೇಕು, ಕಿಂಡಿ ಇದ್ದರೆ ಧೂಳು ಬರುತ್ತದೆ. ಫ್ಯಾನು ಜೋರಾಗಿ ತಿರುಗಿದರೆ ತಂಪು, ಜೊತೆಗೆ ಸದ್ದು. ಇವುಗಳ ನಡುವೆ ರಾಜಿ ಮಾಡಿಸುವುದೇ ವಿನ್ಯಾಸ. ಅದಕ್ಕೆ ಬೇಕಾಗುವುದು ಪ್ರೌಢಶಾಲೆಯ ಭೌತವಿಜ್ಞಾನ ಅಷ್ಟೆ.

ಉಷ್ಣದ ಲೆಕ್ಕ

ಗಣಕಕ್ಕೆ ಒದಗುವ ವಿದ್ಯುತ್ತೆಲ್ಲ ಕೊನೆಗೆ ಉಷ್ಣವಾಗುತ್ತದೆ. ಕಚೇರಿ ಕೆಲಸದ ಗಣಕ 60-100 ವಾಟ್ ಬಳಸಿದರೆ, ಗ್ರಾಫಿಕ್ಸ್ ಕಾರ್ಡ್ ಇರುವ ಗಣಕ 200 ವಾಟ್ ದಾಟುವುದು ಸುಲಭ. 200 ವಾಟ್ ಎಂದರೆ ಸೆಕೆಂಡಿಗೆ 200 ಜೂಲ್ ಉಷ್ಣ. ಇದನ್ನು ಹೊರಗೆ ಸಾಗಿಸುವ ಕೂಲಿ ಗಾಳಿಯದು.

ಈ ಎರಡು ಊರುಗಳೂ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ಇಲ್ಲಿಯ ಒಂದು ಲೀಟರ್ ಗಾಳಿಯ ತಾಪವನ್ನು ಒಂದು ಡಿಗ್ರಿ ಏರಿಸಲು ಸುಮಾರು 1.1 ಜೂಲ್ ಬೇಕು. ಒಳಗಿನ ಗಾಳಿ ಕೋಣೆಯ ಗಾಳಿಗಿಂತ 10 ಡಿಗ್ರಿಯಷ್ಟು ಮಾತ್ರ ಬಿಸಿಯಾಗಲಿ ಎಂದುಕೊಂಡರೆ, ಪ್ರತಿ ಲೀಟರೂ 11 ಜೂಲ್ ಹೊತ್ತೊಯ್ಯುತ್ತದೆ. 200ನ್ನು 11ರಿಂದ ಭಾಗಿಸಿ: ಸೆಕೆಂಡಿಗೆ ಸುಮಾರು 18 ಲೀಟರ್ ಗಾಳಿ ಹಾಯಬೇಕು. 120 ಮಿ.ಮೀ. ಅಳತೆಯ ಸಾಮಾನ್ಯ ಫ್ಯಾನು ಬಯಲಿನಲ್ಲಿ ಸೆಕೆಂಡಿಗೆ 20-25 ಲೀಟರ್ ಗಾಳಿ ತಳ್ಳುತ್ತದೆ. ಮುಂದೆ ಜಾಲರಿ, ಹಿಂದೆ ತಂತಿಗಳ ಗೊಂಚಲು ಇದ್ದರೆ ಅದರ ಅರ್ಧಕ್ಕೆ ಇಳಿಯಬಹುದು. ಆದ್ದರಿಂದ ಗಾಳಿ ಒಳಗೆ ತರಲು ಎರಡು ಫ್ಯಾನುಗಳು ಬೇಕು.

ಮರವೋ, ತಗಡೋ?

ಮರದ ಪೆಟ್ಟಿಗೆ ಎಂದ ಕೂಡಲೇ 'ಮರ ಉಷ್ಣವನ್ನು ಬಿಡುವುದಿಲ್ಲ, ಗಣಕ ಬೆಂದುಹೋಗುತ್ತದೆ' ಎನ್ನುವವರಿದ್ದಾರೆ. ಉಕ್ಕಿನ ಉಷ್ಣವಾಹಕತೆ ಮರದ ಮುನ್ನೂರು ಪಟ್ಟು ಎಂಬುದು ನಿಜ. ಆದರೂ ಲೆಕ್ಕ ಬೇರೆಯದೇ ಕಥೆ ಹೇಳುತ್ತದೆ. ಗೋಡೆಯ ಒಳಮೈಗೂ ಹೊರಮೈಗೂ ಅಂಟಿಕೊಂಡ ಗಾಳಿಯ ತೆಳುಪದರ ಒಂದೊಂದಿರುತ್ತದೆ. ಉಷ್ಣಕ್ಕೆ ಹೆಚ್ಚಿನ ತಡೆ ಬರುವುದು ಈ ಪದರಗಳಿಂದಲೇ ಹೊರತು ಗೋಡೆಯಿಂದಲ್ಲ. 45 ಸೆಂ.ಮೀ. ಎತ್ತರ, 45 ಸೆಂ.ಮೀ. ಆಳ, 20 ಸೆಂ.ಮೀ. ಅಗಲದ ಪೆಟ್ಟಿಗೆಯ ಒಳಗೂ ಹೊರಗೂ 10 ಡಿಗ್ರಿ ಅಂತರವಿದ್ದರೆ, ಉಕ್ಕಿನ ಗೋಡೆಗಳ ಮೂಲಕ ಹೊರಬೀಳುವುದು ಸುಮಾರು 30 ವಾಟ್. 12 ಮಿ.ಮೀ. ದಪ್ಪದ ಮರದ ಮೂಲಕ ಸುಮಾರು 23 ವಾಟ್. 200 ವಾಟಿನಲ್ಲಿ ಈ ಏಳು ವಾಟಿನ ವ್ಯತ್ಯಾಸ ಗಣನೆಗೆ ಬರುವಂಥದ್ದಲ್ಲ. ತಂಪಾಗಿಸುವುದು ಗೋಡೆಯಲ್ಲ, ಹರಿಯುವ ಗಾಳಿ.

ಮರದ ನಿಜವಾದ ತೊಂದರೆಗಳು ಬೇರೆ. ಮಳೆಗಾಲದಲ್ಲಿ ನಿಮ್ಮ ಮನೆಯ ಬಾಗಿಲು ಬಿಗಿಯಾಗುವುದನ್ನು ನೋಡಿದ್ದೀರಿ. ಮರ ತೇವ ಹೀರಿ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ. ಒಂದಡಿ ಅಗಲದ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ಕೆಲವು ಮಿಲಿಮೀಟರ್ ವ್ಯತ್ಯಾಸವಾಗಬಹುದು. ಮದರ್‌ಬೋರ್ಡನ್ನು ನೇರವಾಗಿ ಹಲಗೆಗೆ ತಿರುಪಿದರೆ ಆ ಎಳೆತ ಬೋರ್ಡಿನ ಮೇಲೆ ಬೀಳುತ್ತದೆ. ಆದ್ದರಿಂದ ಬೋರ್ಡು, ಡಿಸ್ಕ್, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಎಲ್ಲವೂ ಒಂದು ತಗಡಿನ ಚೌಕಟ್ಟಿನ ಮೇಲೆ ಕೂರಬೇಕು. ಮರ ಅದರ ಹೊರಗಿನ ಅಂಗಿ ಮಾತ್ರ. ಅಂಗಿಯನ್ನು ಚೌಕಟ್ಟಿಗೆ ಸೇರಿಸುವ ತಿರುಪಿನ ರಂಧ್ರಗಳು ದುಂಡಗಿರದೆ ಉದ್ದವಾಗಿದ್ದರೆ ಮರ ಹಿಗ್ಗಿ ಕುಗ್ಗಲು ಎಡೆ ಸಿಗುತ್ತದೆ. ಎಸ್‌ಎಂಪಿಎಸ್ಸಿನ ಬಿಸಿಗಾಳಿ ಮರಕ್ಕೆ ತಾಗದೆ ನೇರ ಹೊರಹೋಗುವಂತೆ ನೋಡಿಕೊಳ್ಳಿ.

ಇನ್ನೊಂದು ತೊಂದರೆ: ಮರ ರೇಡಿಯೋ ತರಂಗಗಳನ್ನು ತಡೆಯುವುದಿಲ್ಲ. ಗಣಕದ ಮಂಡಲಗಳಿಂದ ಹೊರಡುವ ತರಂಗಗಳು ಪಕ್ಕದ ರೇಡಿಯೋದಲ್ಲಿ ಕರಕರ ಸದ್ದೆಬ್ಬಿಸಬಹುದು. ಒಳಮೈಗೆ ತೆಳು ಅಲ್ಯುಮಿನಿಯಂ ಹಾಳೆ ಹೊದಿಸಿ ಅದನ್ನು ಚೌಕಟ್ಟಿಗೆ ಜೋಡಿಸಿದರೆ ಸಾಕು. ಕೆಲವೇ ಮಿಲಿಮೀಟರ್ ಅಗಲದ ಗಾಳಿರಂಧ್ರಗಳಿಂದ ಇದಕ್ಕೆ ತೊಂದರೆಯಿಲ್ಲ. 1 ಗಿಗಾಹರ್ಟ್ಸ್ ಆವೃತ್ತಿಯ ತರಂಗದ ಉದ್ದ 30 ಸೆಂ.ಮೀ.; ಅಷ್ಟು ಉದ್ದದ ತರಂಗ ಸಣ್ಣ ರಂಧ್ರದಲ್ಲಿ ತೂರಲಾರದು.

ಧೂಳನ್ನು ಹೊರಗಿಡುವುದು

ಒಳಗೆ ತಳ್ಳುವ ಗಾಳಿ ಹೊರಗೆ ಎಳೆಯುವ ಗಾಳಿಗಿಂತ ಹೆಚ್ಚಿದ್ದರೆ ಪೆಟ್ಟಿಗೆಯೊಳಗಿನ ಒತ್ತಡ ತುಸು ಹೆಚ್ಚಾಗುತ್ತದೆ. ಆಗ ಸಂದುಗೊಂದುಗಳಲ್ಲಿ ಗಾಳಿ ಹೊರಕ್ಕೆ ನುಸುಳುತ್ತದೆ, ಧೂಳಿಗೆ ಅಲ್ಲಿ ಪ್ರವೇಶವಿಲ್ಲ. ಮುಂದೆ ಎರಡು ಫ್ಯಾನು ಒಳಮುಖವಾಗಿ, ಹಿಂದೆ ಒಂದು ಹೊರಮುಖವಾಗಿ ಇಡುವುದು ಇದಕ್ಕಾಗಿ. ಇದು ತಿರುಗುಮುರುಗಾದರೆ ಪ್ರತಿ ಸಂದೂ ಧೂಳು ಹೀರುವ ಬಾಯಿಯಾಗುತ್ತದೆ.

ಗಾಳಿ ಬರುವ ಒಂದೇ ದಾರಿಯಲ್ಲಿ ಶೋಧಕ ಹಾಕಿ. ಹೊರಗೆ ಸೊಳ್ಳೆ ತಡೆಯುವ ಲೋಹದ ಜಾಲರಿ, ಅದರ ಹಿಂದೆ ತೊಳೆಯಬಹುದಾದ ತೆಳು ಸ್ಪಂಜು. ಜಾಲರಿಯಿಂದ ಹಲ್ಲಿಮರಿ, ಜಿರಳೆ, ಇಲಿಗಳ ಕಾಟವೂ ತಪ್ಪುತ್ತದೆ. ಶೋಧಕದ ವಿಸ್ತೀರ್ಣ ಫ್ಯಾನಿನ ಬಾಯಿಗಿಂತ ದೊಡ್ಡದಿರಲಿ. ವಿಸ್ತೀರ್ಣ ನಾಲ್ಕು ಪಟ್ಟಾದರೆ ಅದರ ಮೂಲಕ ಹಾಯುವ ಗಾಳಿಯ ವೇಗ ಕಾಲುಭಾಗಕ್ಕೆ ಇಳಿದು ತಡೆಯೂ ಕಡಿಮೆಯಾಗುತ್ತದೆ. ಶೋಧಕಕ್ಕೂ ಫ್ಯಾನಿಗೂ ನಡುವೆ ಎರಡು ಮೂರು ಸೆಂ.ಮೀ. ಅಂತರ ಬಿಡಿ. ಇಲ್ಲದಿದ್ದರೆ ಫ್ಯಾನಿನ ಎದುರಿನ ಭಾಗ ಮಾತ್ರ ಕೆಲಸ ಮಾಡುತ್ತದೆ. ತಿರುಪು ಬಿಚ್ಚದೆ ಶೋಧಕವನ್ನು ಎಳೆದು ತೆಗೆಯುವಂತಿರಲಿ. ತೆಗೆಯುವುದು ಕಷ್ಟವಾದರೆ ಯಾರೂ ತೊಳೆಯುವುದಿಲ್ಲ. ಒಕ್ಕಣೆಯ ಕಾಲದಲ್ಲಿ ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು.

ಮೇಲ್ಭಾಗ ತೆರೆದಿರುವ ಪೆಟ್ಟಿಗೆಗಳು ಅಂಗಡಿಗಳಲ್ಲಿ ಬಹಳ. ಬಿಸಿಗಾಳಿ ಮೇಲೇರುತ್ತದೆ ಎಂಬುದು ಅದಕ್ಕೆ ಕೊಡುವ ಕಾರಣ. ಆದರೆ ಅರ್ಧ ಮೀಟರ್ ಎತ್ತರದ ಪೆಟ್ಟಿಗೆಯಲ್ಲಿ ಬಿಸಿಗಾಳಿ ತಾನಾಗಿ ಏರುವ ಒತ್ತಡ ಪ್ಯಾಸ್ಕಲಿನ ಒಂದು ಸಣ್ಣ ಭಾಗ ಮಾತ್ರ. ಫ್ಯಾನಿನ ಒತ್ತಡ ಅದರ ಹತ್ತಾರು ಪಟ್ಟು. ಹೆಂಚಿನ ಮನೆಗಳಲ್ಲಿ ಮೇಲಿನಿಂದ ಉದುರುವ ಮಸಿ, ಮರದ ಹುಳು ಕೊರೆದ ಹಿಟ್ಟು ನೇರ ಮದರ್‌ಬೋರ್ಡಿನ ಮೇಲೆ ಬೀಳುತ್ತದೆ. ನಮ್ಮ ಕಡೆ ಮೇಲ್ಭಾಗ ಮುಚ್ಚಿಯೇ ಇರಲಿ, ಗಾಳಿ ಹಿಂದಿನಿಂದ ಹೋಗಲಿ.

ತೇವದ ಕಾಟ

ಮಳೆಗಾಲದಲ್ಲಿ ಗಣಕ ಕೆಡುವುದು ಹೆಚ್ಚು ಬಳಸಿದ್ದರಿಂದಲ್ಲ, ಬಳಸದೆ ಬಿಟ್ಟಿದ್ದರಿಂದ. ಸೊರಬದ ಒಂದು ಮಳೆಯ ದಿನ ಕೋಣೆಯ ತಾಪ 24 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ. 95 ಎಂದಿಟ್ಟುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯೊಳಗೆ 34 ಡಿಗ್ರಿಗೆ ಬಿಸಿಯಾದರೆ ಅದರ ಆರ್ದ್ರತೆ ಶೇ. 53ಕ್ಕೆ ಇಳಿಯುತ್ತದೆ. ನೀರಾವಿಯ ಪ್ರಮಾಣ ಅಷ್ಟೇ ಇದ್ದರೂ ಬಿಸಿಗಾಳಿ ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು. ಹೀಗಾಗಿ ಓಡುತ್ತಿರುವ ಗಣಕ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ವಾರಗಟ್ಟಲೆ ಬಟ್ಟೆ ಮುಚ್ಚಿಟ್ಟ ಗಣಕದಲ್ಲಿ ಧೂಳು ತೇವ ಹೀರಿ, ಸಂಪರ್ಕದ ತುದಿಗಳು ಮಾಸುತ್ತವೆ. ರಿಪೇರಿಯವರು ಮೆಮೊರಿ ಪಟ್ಟಿಯ ತುದಿಯನ್ನು ರಬ್ಬರಿನಿಂದ ಉಜ್ಜಿ 'ಸರಿಯಾಯಿತು' ಎನ್ನುವುದು ಇದಕ್ಕೇ. ಮಳೆಗಾಲದಲ್ಲಿ ದಿನಕ್ಕೆ ಸ್ವಲ್ಪ ಹೊತ್ತಾದರೂ ಗಣಕ ಓಡಲಿ. ಪೆಟ್ಟಿಗೆಗೆ ಮೂರು ನಾಲ್ಕು ಸೆಂ.ಮೀ. ಎತ್ತರದ ರಬ್ಬರ್ ಕಾಲುಗಳಿರಲಿ. ತಂಪು ನೆಲದಿಂದಲೂ ಗುಡಿಸುವ ಕಸದಿಂದಲೂ ಅದು ದೂರವಿರುತ್ತದೆ.

ಸದ್ದು ಕಡಿಮೆ ಮಾಡುವುದು

ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಇನ್ನೊಂದು ಅಂಥದೇ ಫ್ಯಾನು ಸೇರಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ. ಅಂದರೆ ಜೋರಾಗಿ ತಿರುಗುವ ಒಂದರ ಬದಲು ನಿಧಾನವಾಗಿ ತಿರುಗುವ ಎರಡು ಹಾಕಿದರೆ ಗಾಳಿ ಅಷ್ಟೇ, ಸದ್ದು 12 ಡೆಸಿಬೆಲ್ ಕಡಿಮೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ತೋರುತ್ತದೆ.

ಅರ್ಥಿಂಗ್ ಕಡ್ಡಾಯ

ಗಣಕದ ತಗಡನ್ನು ಮುಟ್ಟಿದಾಗ ಬೆರಳು ಜುಂ ಎನ್ನುವುದು ಅನೇಕರ ಅನುಭವ. ಎಸ್‌ಎಂಪಿಎಸ್ಸಿನ ಒಳಗೆ ವಿದ್ಯುತ್ತಿನ ಎರಡು ತಂತಿಗಳಿಂದಲೂ ತಗಡಿಗೆ ಸಣ್ಣ ಧಾರಕಗಳನ್ನು ಜೋಡಿಸಿರುತ್ತಾರೆ. ಅರ್ಥಿಂಗ್ ಇಲ್ಲದಿದ್ದರೆ ತಗಡಿನ ವಿಭವ 230 ವೋಲ್ಟಿನ ಅರ್ಧದಷ್ಟಾಗುತ್ತದೆ. ಪ್ರವಾಹ ಒಂದು ಮಿಲಿಆಂಪಿಯರಿಗಿಂತ ಕಡಿಮೆಯಾದ್ದರಿಂದ ಜುಂ ಎನ್ನುತ್ತದೆ ಅಷ್ಟೆ. ಆದರೆ ಮುಂದೆ ಒಳಗಿನ ನಿರೋಧನ ಕೆಟ್ಟರೆ ಅದೇ ತಗಡು ಪ್ರಾಣಕ್ಕೆ ಎರವಾಗಬಹುದು. ಮರದ ಅಂಗಿ ತೊಡಿಸಿದರೆ ಆ ಎಚ್ಚರಿಕೆಯೂ ಸಿಗುವುದಿಲ್ಲ ಎಂಬುದನ್ನು ನೆನಪಿಡಿ. ಮೊದಲು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ಮನೆಯ ಅರ್ಥಿಂಗ್ ಪರೀಕ್ಷಿಸಿ, ಆಮೇಲೆ ಪೆಟ್ಟಿಗೆಯ ಮಾತು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕಿತ್ತಿಡುವುದಕ್ಕೆ ಬದಲಿಯಾಗಿ ಯಾವ ಪೆಟ್ಟಿಗೆಯೂ ಇಲ್ಲ.

ಬಡಗಿಗೆ ಕೊಡುವ ಅಳತೆ

ಇಂಟೆಲ್ ಸಂಸ್ಥೆ 1995ರಲ್ಲಿ ಎಟಿಎಕ್ಸ್ ಮಾನಕವನ್ನು ತಂದ ಮೇಲೆ ಅಳತೆಗಳು ನಿಶ್ಚಿತವಾಗಿವೆ. ಪೆಟ್ಟಿಗೆಯನ್ನು ನಾವೇ ಮಾಡಿಸಲು ಸಾಧ್ಯವಾಗಿರುವುದು ಇದರಿಂದ. ಎಟಿಎಕ್ಸ್ ಬೋರ್ಡು 305 × 244 ಮಿ.ಮೀ., ಮೈಕ್ರೋ ಎಟಿಎಕ್ಸ್ 244 × 244, ಮಿನಿ ಐಟಿಎಕ್ಸ್ 170 × 170. ಎಸ್‌ಎಂಪಿಎಸ್ 150 ಮಿ.ಮೀ. ಅಗಲ, 86 ಎತ್ತರ. 120 ಮಿ.ಮೀ. ಫ್ಯಾನಿನ ತಿರುಪು ರಂಧ್ರಗಳ ನಡುವೆ 105 ಮಿ.ಮೀ. ತಗಡಿನ ಚೌಕಟ್ಟನ್ನು ಹಳೆಯ ಕ್ಯಾಬಿನೆಟ್ಟಿನಿಂದಲೇ ಬಿಡಿಸಿಕೊಂಡರೆ ಖರ್ಚೂ ಉಳಿತಾಯ, ರಂಧ್ರಗಳೂ ಕರಾರುವಾಕ್ಕು.

ಇನ್ನು ಅಂದದ ಮಾತು. ಎರಡು ಫ್ಯಾನುಗಳ ಬಾಯಿ ಸೇರಿ ಸುಮಾರು 225 ಚದರ ಸೆಂ.ಮೀ. ಪೆಟ್ಟಿಗೆಯ ಮುಖ 20 × 45, ಅಂದರೆ 900 ಚದರ ಸೆಂ.ಮೀ. ಮುಖಕ್ಕೆ ಗಾಜು ಹಾಕಿದರೆ ಗಾಳಿ ಕಟ್ಟುತ್ತದೆ. ಅದರ ಬದಲು ಅರ್ಧದಷ್ಟು ತೆರಪಿರುವ ಜಾಲಂಧ್ರವನ್ನು ತೇಗದಲ್ಲೋ ಹಲಸಿನಲ್ಲೋ ಕೆತ್ತಿಸಿದರೆ ಗಾಳಿಗೆ 450 ಚದರ ಸೆಂ.ಮೀ. ದಾರಿ ಸಿಗುತ್ತದೆ, ಬೇಕಾದದ್ದರ ಎರಡರಷ್ಟು. ತೆರಪುಗಳು ಒಂದೊಂದೂ ಒಂದು ಸೆಂ.ಮೀ.ಗಿಂತ ಅಗಲವಿರಲಿ, ಶೋಧಕ ಹಿಂದೆ ಇರುತ್ತದೆ. ಬಳ್ಳಿಯೋ ಹಂಸವೋ ಕೆತ್ತುವವರ ಇಷ್ಟ. ಈ ಕೆಲಸಕ್ಕೆ ಬೇಕಾದ ಕೈ ಸೊರಬ, ಸಾಗರಗಳಲ್ಲಿ ಇದೆ.

ಪೆಟ್ಟಿಗೆ ಸಿದ್ಧವಾದ ಮೇಲೆ ಒಂದು ಪರೀಕ್ಷೆ ಮಾಡಿ. ಗಣಕ ಓಡುತ್ತಿರುವಾಗ ಊದುಬತ್ತಿ ಹಚ್ಚಿ ಸುತ್ತಲೂ ಮೆಲ್ಲಗೆ ಆಡಿಸಿ. ಮುಂದಿನ ಜಾಲಂಧ್ರದ ಎದುರು ಹೊಗೆ ಒಳಗೆ ಸರಿಯಬೇಕು, ಹಿಂದೆ ದೂರ ಹಾರಬೇಕು, ಉಳಿದ ಸಂದುಗಳಲ್ಲಿ ಹೊರಕ್ಕೆ ಬಾಗಬೇಕು. ಎಲ್ಲಾದರೂ ಸಂದಿನೊಳಗೆ ಎಳೆಯಿತೆಂದರೆ ಶೋಧಕ ಕಟ್ಟಿದೆ ಅಥವಾ ಹಿಂದಿನ ಫ್ಯಾನು ಜೋರಾಗಿದೆ. ಅದನ್ನು ಸರಿಪಡಿಸಿದ ಮೇಲೆ ಪೆಟ್ಟಿಗೆಗೆ ಬೀಗ ಹಾಕಿ.