ಮೋರಿ ಕಟ್ಟಿದರೆ ಬಿಲ್ಲು ಏರುವುದು ಎಲ್ಲಿ?



ಗ್ಯಾಸಿನ ದರ, ಬೇಳೆಯ ದರ, ಹುಡುಗರ ಪಗಾರ - ಇವು ನಮ್ಮ ಸಂಘದ ಪ್ರತಿ ಸಭೆಯಲ್ಲೂ ಚರ್ಚೆಗೆ ಬರುತ್ತವೆ. ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಚರ್ಚೆ ಮಾತ್ರ ಯಾವ ಸಭೆಯಲ್ಲೂ ಬಂದದ್ದು ನಾನು ಕೇಳಿಲ್ಲ. ಅದು ಹೋಗುತ್ತಿರುವ ತನಕ ನಮಗೆ ಅದರ ನೆನಪೇ ಇರುವುದಿಲ್ಲ. ಹೋಗದೆ ನಿಂತ ದಿನ ಗಲ್ಲಾದಲ್ಲಿ ಕೂತವನಿಗೂ ಬೆವರು ಇಳಿಯುತ್ತದೆ. ಆ ದಿನದ ಖರ್ಚು ಯಾವುದರಿಂದ ಏರುತ್ತದೆ, ಯಾವುದರಿಂದ ಇಳಿಯುತ್ತದೆ ಎಂದು ಕೈ ಸುಟ್ಟುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹೋಟೆಲು ಮುಂಬಯಿಯಲ್ಲಿ ಒಂದು ಹಳೆಯ ಸೊಸೈಟಿ ಕಟ್ಟಡದ ನೆಲಮಾಳಿಗೆಯಲ್ಲಿದೆ. ಮೇಲೆ ಮನೆಗಳು. ನಮ್ಮ ಮೋರಿಯ ನೀರೂ ಮನೆಗಳ ನೀರೂ ಹಿಂದಿನ ಗಲ್ಲಿಯ ಒಂದೇ ಲೈನಿಗೆ ಸೇರುತ್ತವೆ. 2022ರ ಜುಲೈ ತಿಂಗಳ ಒಂದು ಶನಿವಾರ ಸಂಜೆ ಏಳು ಗಂಟೆಗೆ ಮೋರಿಯ ನೀರು ಇಳಿಯುವುದು ನಿಂತಿತು. ಅದಕ್ಕೆ ಮೊದಲು ಎರಡು ತಿಂಗಳಲ್ಲಿ ಎರಡು ಸಲ ಹೀಗೆಯೇ ಆಗಿತ್ತು. ಎರಡು ಸಲವೂ ಒಬ್ಬ ಬಂದು ಬಿದಿರಿನ ಪಟ್ಟಿ ಹಾಕಿ ತಳ್ಳಿ ಹೋಗಿದ್ದ. ಮೊದಲ ಸಲ 1,200, ಎರಡನೇ ಸಲ 1,500 ರೂಪಾಯಿ. ಈ ಸಲ ಪಟ್ಟಿಗೆ ಬಗ್ಗಲಿಲ್ಲ. ಅಡಿಗೆಮನೆಯ ನೆಲದಲ್ಲಿ ಪಾದ ಮುಳುಗುವಷ್ಟು ನೀರು. ಶನಿವಾರದ ರಾತ್ರಿ, ಹೊರಗೆ ಗಿರಾಕಿಗಳ ಸಾಲು.

ಬಂದವನು ಹಿಂದಿನ ಗಲ್ಲಿಯ ಚೇಂಬರ್ ಮುಚ್ಚಳ ತೆಗೆದು ನೋಡಿ, ಐನೂರು ರೂಪಾಯಿ ಹೆಚ್ಚು ಕೊಟ್ಟರೆ ಒಳಗೆ ಇಳಿದು ಕೈಯಿಂದಲೇ ತೆಗೆಯುತ್ತೇನೆ ಎಂದ. ನಾನು ಹೂಂ ಎನ್ನುವುದರಲ್ಲಿದ್ದೆ. ಮನಸ್ಸೆಲ್ಲ ಹೊರಗಿನ ಸಾಲಿನ ಮೇಲಿತ್ತು. ಆಗ ನಮ್ಮ ಭಂಡಾರಿ ಕೈಯಲ್ಲಿದ್ದ ಸಟ್ಟುಗ ಕೆಳಗಿಟ್ಟು ಬಂದು, "ಸೇಟ್ರೇ, ಬೇಡ. ನಮ್ಮೂರಲ್ಲಿ ಬಾವಿಯ ಕೆಸರು ತೆಗೆಯಲು ಒಬ್ಬ ಇಳಿದ, ಮೇಲೆ ಬರಲಿಲ್ಲ. ಅವನನ್ನು ತೆಗೆಯಲು ಇಳಿದವನೂ ಬರಲಿಲ್ಲ" ಎಂದರು. ನಾನು ಶಟರ್ ಎಳೆಯಲು ಹೇಳಿದೆ. ಆ ರಾತ್ರಿಯ ವ್ಯಾಪಾರ ಹೋಯಿತು. ಹೋದದ್ದು ಅಷ್ಟೇ ಎಂದು ಈಗಲೂ ದೇವರಿಗೆ ಕೈ ಮುಗಿಯುತ್ತೇನೆ.

ಮರುದಿನ ನೀರಿನ ಒತ್ತಡದ ಜೆಟ್ಟಿಂಗ್ ಯಂತ್ರ ಬಂತು: 9,000. ತೆಗೆದ ಕೆಸರು ಸಾಗಿಸಲು ಟೆಂಪೋ: 2,500. ಒಳಗಿನ ಪೈಪಿನ ಮೂಲೆ ಸಿಗದೆ ಆರು ಟೈಲ್ಸ್ ಒಡೆದು ಮತ್ತೆ ಹಾಕಿದ ಗಾರೆಯವನಿಗೆ 3,800. ಮೊದಲಿನ ಎರಡು ಸಲದ್ದೂ ಸೇರಿ ಒಟ್ಟು 18,000 ರೂಪಾಯಿ. ನಿಮ್ಮ ಊರಿನಲ್ಲಿ ದರ ಬೇರೆ ಇರಬಹುದು. ದರ ಏರುವ ಕಾರಣಗಳು ಮಾತ್ರ ಎಲ್ಲ ಕಡೆ ಒಂದೇ.

ಕಟ್ಟಿದ್ದು ಎಲ್ಲಿ?

ಇದು ಮೊದಲ ಪ್ರಶ್ನೆ. ಬಿಲ್ಲಿನ ಅರ್ಧ ಇದರಲ್ಲಿಯೇ ತೀರ್ಮಾನವಾಗುತ್ತದೆ. ಪ್ಲಂಬರನ್ನು ಕರೆಯುವ ಮೊದಲು ನಾವೇ ಐದು ನಿಮಿಷ ನೋಡಿಕೊಳ್ಳಬಹುದು.

ಒಂದೇ ಸಿಂಕ್ ಕಟ್ಟಿ ಉಳಿದವು ಸರಿಯಿದ್ದರೆ ದೋಷ ಅದರ ಕೆಳಗಿನ ಬಾಗಿದ ಪೈಪಿನಲ್ಲಿ ಅಥವಾ ಜಾಲರಿಯಲ್ಲಿ. ಅದನ್ನು ಬಿಚ್ಚಿ ತೊಳೆದರೆ ಮುಗಿಯಿತು, ನಮ್ಮ ಹುಡುಗರೇ ಮಾಡಬಹುದು. ಅಡಿಗೆಮನೆಯ ಎಲ್ಲ ಸಿಂಕುಗಳೂ ನಿಂತು ಪಾಯಖಾನೆಯ ನೀರು ಸರಿಯಾಗಿ ಹೋಗುತ್ತಿದ್ದರೆ ಅಡಿಗೆಮನೆಯ ಲೈನು ಕಟ್ಟಿದೆ ಎಂದು ಅರ್ಥ. ಮೇಲಿನ ಮನೆಯವರು ನೀರು ಬಿಟ್ಟಾಗ ನಮ್ಮ ನೆಲದ ಜಾಲರಿಯಲ್ಲಿ ಗುಳುಗುಳು ಎಂದರೆ ಕಟ್ಟಿರುವುದು ಎಲ್ಲರಿಗೂ ಸೇರಿದ ದೊಡ್ಡ ಲೈನು.

ಹೊರಗಿನ ಚೇಂಬರ್‌ಗಳ ಮುಚ್ಚಳ ಒಂದೊಂದಾಗಿ ತೆಗೆಸಿ ದೂರದಿಂದಲೇ ನೋಡಿ. ಮೇಲಿನ ಚೇಂಬರ್ ತುಂಬಿ, ಕೆಳಗಿನದು ಖಾಲಿ ಇದ್ದರೆ ತಡೆ ಅವೆರಡರ ನಡುವೆ ಇದೆ. ರಸ್ತೆಯ ಪಕ್ಕದ ಕೊನೆಯ ಚೇಂಬರ್ ಕೂಡ ತುಂಬಿ ನಿಂತಿದ್ದರೆ ದೋಷ ಬಹುತೇಕ ರಸ್ತೆಯ ಲೈನಿನದು. ಅದು ಪಾಲಿಕೆಯ ಕೆಲಸ. ಮುಂಬಯಿಯಲ್ಲಿ 1916ಕ್ಕೆ ಫೋನ್ ಮಾಡಿ ದೂರು ಬರೆಸಿ ನಂಬರ್ ತೆಗೆದುಕೊಳ್ಳಬೇಕು. ಇಷ್ಟನ್ನು ನೋಡದೆ ಖಾಸಗಿಯವರನ್ನು ಕರೆಸಿ, ಪಾಲಿಕೆಯ ಗಟಾರಕ್ಕೆ ನಮ್ಮ ಜೇಬಿನಿಂದ ಹಣ ಕೊಟ್ಟವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಕಟ್ಟಿದ್ದು ಏನು?

ಮನೆಯ ಮೋರಿಯಲ್ಲಿ ಹೆಚ್ಚಾಗಿ ಸಿಗುವುದು ಕೂದಲು, ಸೋಪು, ಚಹಾಪುಡಿ, ಸ್ವಲ್ಪ ಎಣ್ಣೆ. ಸಣ್ಣ ಸ್ಪ್ರಿಂಗ್ ಹಾಕಿ ತಿರುಗಿಸಿದರೆ ಬರುತ್ತದೆ. ನಮ್ಮದು ಹಾಗಲ್ಲ. ಬಿಸಿ ಇರುವಾಗ ನೀರಿನಂತೆ ಹರಿಯುವ ಎಣ್ಣೆ, ತುಪ್ಪ, ಡಾಲ್ಡಾ ಪೈಪಿನೊಳಗೆ ತಣಿದು ಗೋಡೆಗೆ ಹಿಡಿಯುತ್ತದೆ. ಅದರ ಮೇಲೆ ಅಕ್ಕಿಯ ಗಂಜಿ, ಉದ್ದಿನ ಹಿಟ್ಟಿನ ಲೋಳೆ, ಕಾಯಿತುರಿ, ಕರಿಬೇವು ಅಂಟುತ್ತದೆ. ನಾಲ್ಕು ಇಂಚಿನ ಪೈಪು ತಿಂಗಳುಗಳಲ್ಲಿ ಒಂದು ಇಂಚಿನದಾಗುತ್ತದೆ. ಬಿದಿರಿನ ಪಟ್ಟಿ ಅಥವಾ ಸ್ಪ್ರಿಂಗ್ ಇದರ ನಡುವೆ ಒಂದು ತೂತು ಮಾಡುತ್ತದೆ, ನೀರು ಇಳಿಯುತ್ತದೆ, ನಾವು ಹಣ ಕೊಡುತ್ತೇವೆ. ಗೋಡೆಗೆ ಹಿಡಿದದ್ದು ಅಲ್ಲೇ ಇರುತ್ತದೆ. ನನ್ನ ಮೊದಲ ಎರಡು ಬಿಲ್ಲು ದಂಡವಾದದ್ದು ಹೀಗೆ. ಜಿಡ್ಡಿನ ಕಟ್ಟಿಗೆ ಒತ್ತಡದ ನೀರಿನಿಂದ ಪೈಪಿನ ಸುತ್ತಲೂ ತೊಳೆಯುವುದೇ ಮದ್ದು. ಒಂದು ಸಲಕ್ಕೆ ಹೆಚ್ಚು ಎನಿಸಿದರೂ ವರ್ಷದ ಲೆಕ್ಕದಲ್ಲಿ ಕಡಿಮೆ.

ನಮ್ಮ ಲೈನಿನಲ್ಲಿ ಜಿಡ್ಡಿನ ಜೊತೆ ಸಿಮೆಂಟಿನ ಗಟ್ಟಿಯೂ ಬಂತು. ಮೇಲಿನ ಒಂದು ಮನೆಯವರು ರಿಪೇರಿ ಮಾಡಿಸಿದಾಗ ಗಾರೆಯವರು ಬಾಂಡ್ಲಿ ತೊಳೆದ ನೀರನ್ನು ಮೋರಿಗೇ ಬಿಟ್ಟಿದ್ದರು. ಅದು ತಳದಲ್ಲಿ ಕಲ್ಲಾಗಿ ಕೂತಿತ್ತು, ನಮ್ಮ ಜಿಡ್ಡು ಅದಕ್ಕೆ ಹಿಡಿದಿತ್ತು. ಸೊಸೈಟಿಯವರು ಎಲ್ಲ ತಪ್ಪೂ ಹೋಟೆಲಿನದು ಎಂದರು, ನಾನು ಎಲ್ಲವೂ ಸಿಮೆಂಟಿನದು ಎಂದೆ. ಯಂತ್ರದವನು ಎರಡನ್ನೂ ಬಕೆಟಿನಲ್ಲಿ ತೋರಿಸಿದ ಮೇಲೆ ಇಬ್ಬರೂ ಸುಮ್ಮನಾದೆವು. ಬಿಲ್ಲು ನಾನೇ ಕೊಟ್ಟೆ. ಮುಂದಿನ ಖರ್ಚು ಅರ್ಧ ಅರ್ಧ ಎಂದು ಕಾಗದದಲ್ಲಿ ಬರೆದುಕೊಂಡೆವು. ಮೇಲೆ ಮನೆಗಳಿರುವ ಹೋಟೆಲಿನವರು ಜಗಳಕ್ಕೆ ಮೊದಲೇ ಇದನ್ನು ಬರೆಸಿಕೊಳ್ಳುವುದು ಒಳ್ಳೆಯದು.

ಬಿಲ್ಲು ಏರಿಸುವ ಉಳಿದ ಸಂಗತಿಗಳು

ದಾರಿ: ಚೇಂಬರ್ ಮುಚ್ಚಳದ ಮೇಲೆ ಫ್ರಿಜ್, ಗ್ರೈಂಡರ್ ಇಟ್ಟಿದ್ದರೆ ಅಥವಾ ಚಂದ ಕಾಣಲೆಂದು ಟೈಲ್ಸ್ ಹಾಕಿ ಮುಚ್ಚಿದ್ದರೆ ಒಡೆಯುವ ಕೂಲಿ, ಮತ್ತೆ ಕಟ್ಟುವ ಕೂಲಿ ಎರಡೂ ಸೇರುತ್ತವೆ. ಪೈಪು ತಿರುಗುವ ಪ್ರತಿ ಮೂಲೆಯಲ್ಲಿ ತೆಗೆಯಲು ಬರುವ ಮುಚ್ಚಳ ಇಟ್ಟಿದ್ದರೆ ನನ್ನ 3,800 ಉಳಿಯುತ್ತಿತ್ತು.

ಇಳಿಜಾರು: ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ, ಆರು ಇಂಚಿನದಕ್ಕೆ 60 ಅಡಿಗೆ ಒಂದು ಅಡಿ ಇಳಿಜಾರು ಎಂಬುದು ಹಳೆಯ ಮೇಸ್ತ್ರಿಗಳ ಲೆಕ್ಕ. ಇಳಿಜಾರು ಸಾಲದಿದ್ದರೆ ಎಷ್ಟು ಸಲ ತೊಳೆದರೂ ಅದೇ ಜಾಗದಲ್ಲಿ ಕಟ್ಟುತ್ತದೆ. ಆಗ ತೊಳೆಯಲು ಹಣ ಸುರಿಯುವ ಬದಲು ಪೈಪನ್ನೇ ಸರಿಮಾಡಿಸಬೇಕು.

ಹೊತ್ತು: ರಾತ್ರಿ, ಆದಿತ್ಯವಾರ, ಹಬ್ಬದ ದಿನ ಕರೆದರೆ ಹೆಚ್ಚು ದರ. ಮಳೆಗಾಲದಲ್ಲಂತೂ ಎಲ್ಲರಿಗೂ ಅವನೇ ಬೇಕು. ಮೇ ತಿಂಗಳಲ್ಲಿ, ವ್ಯಾಪಾರ ಕಡಿಮೆ ಇರುವ ಮಧ್ಯಾಹ್ನ ಮಾಡಿಸಿದರೆ ಅದೇ ಕೆಲಸ ಕಡಿಮೆಗೆ ಆಗುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡುವವನಿಗೆ ಚೌಕಾಸಿ ಮಾಡಲು ಬರುವುದಿಲ್ಲ.

ತಪ್ಪು ಜೋಡಣೆ: ಮುಂಬಯಿಯಲ್ಲಿ ಮಳೆನೀರಿನ ಗಟಾರ ಬೇರೆ, ಕೊಳಚೆಯ ಲೈನು ಬೇರೆ. ಮಳೆನೀರಿನದು ಸಮುದ್ರಕ್ಕೆ ಹೋಗುತ್ತದೆ. ಅಡಿಗೆಮನೆಯ ನೀರನ್ನು ಅದಕ್ಕೆ ಬಿಟ್ಟರೆ ತಪ್ಪೂ ಹೌದು, ಭರತದ ಹೊತ್ತಿನಲ್ಲಿ ಜೋರು ಮಳೆ ಬಂದರೆ ಎಲ್ಲವೂ ತಿರುಗಿ ನಮ್ಮ ಒಳಗೇ ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದ ದಿನವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮದೇ ಮದ್ದು: ಅಂಗಡಿಯಿಂದ ಕಾಸ್ಟಿಕ್ ಸೋಡಾ ತಂದು ಸುರಿಯುವ ಚಾಳಿ ನಮಗೆಲ್ಲ ಇದೆ. ಅದು ಜಿಡ್ಡಿನೊಡನೆ ಸೇರಿದರೆ ಸೋಪಾಗುತ್ತದೆ. ದೊಡ್ಡ ಕಟ್ಟಿನಲ್ಲಿ ಅದು ಮುಂದೆ ಹೋಗಿ ಗಟ್ಟಿಯಾಗುತ್ತದೆ. ಆಮೇಲೆ ಪೈಪು ಬಿಚ್ಚುವವನ ಕೈ, ಕಣ್ಣು ಸುಡುತ್ತದೆ. ಆಸಿಡ್ ಹಳೆಯ ಕಬ್ಬಿಣದ ಪೈಪನ್ನೂ ಸಿಮೆಂಟಿನ ಜೋಡಣೆಯನ್ನೂ ತಿನ್ನುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದಿಗೂ ಒಟ್ಟಿಗೆ ಬೇಡ, ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಕುದಿಯುವ ನೀರು ಪಿವಿಸಿ ಪೈಪನ್ನು ಮೆದು ಮಾಡಿ ಬಗ್ಗಿಸುತ್ತದೆ, ಕರಗಿದ ಜಿಡ್ಡು ಹತ್ತು ಅಡಿ ಆಚೆ ಮತ್ತೆ ಹೆಪ್ಪುಗಟ್ಟುತ್ತದೆ. ಯಾವುದನ್ನಾದರೂ ಸುರಿದಿದ್ದರೆ ಬಂದ ಕೆಲಸದವನಿಗೆ ಮೊದಲು ಹೇಳಿಬಿಡಿ.

ಕರೆಯುವಾಗ ಕೇಳಬೇಕಾದದ್ದು

ದರ ಒಂದು ಭೇಟಿಗೋ, ಗಂಟೆಗೋ, ಅಡಿಗೋ? ನೀರು ಇಳಿಯುವ ತನಕವೋ, ಪೈಪು ಪೂರ್ತಿ ತೊಳೆಯುವ ತನಕವೋ? ತೆಗೆದ ಕೆಸರು ಯಾರು ಒಯ್ಯುತ್ತಾರೆ? ಎಷ್ಟು ದಿನದೊಳಗೆ ಮತ್ತೆ ಕಟ್ಟಿದರೆ ಪುಕ್ಕಟೆ ಬರುತ್ತಾರೆ? ಜಿಎಸ್‌ಟಿ ಬಿಲ್ಲು ಕೊಡುತ್ತಾರೆಯೇ? ಈ ಐದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಬರಹೇಳಿ. ಕಡಿಮೆ ಹೇಳಿದವನು ಕೊನೆಗೆ ಕಡಿಮೆಯವನೇ ಆಗಿರುತ್ತಾನೆ ಎಂದಿಲ್ಲ.

ಇಳಿಸುವ ಮಾತು ಬೇಡವೇ ಬೇಡ

ಐನೂರು ರೂಪಾಯಿಗೆ ಇಳಿಯುತ್ತೇನೆ ಎಂದವನ ಲೆಕ್ಕಕ್ಕೆ ಬರುತ್ತೇನೆ. ಕೊಳೆತ ಕೆಸರಿನಲ್ಲಿ ಹೈಡ್ರೋಜನ್ ಸಲ್ಫೈಡ್, ಮಿಥೇನ್ ಇರುತ್ತವೆ. ಮೊದಲಿನದು ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಅಲ್ಲೇ ಬೀಳುತ್ತಾನೆ. ಊರಿನ ಬಾವಿಗೆ ಲಾಟೀನು ಇಳಿಸಿ ನೋಡುತ್ತಿದ್ದಂತೆ ಇಲ್ಲಿ ಮಾಡಲೂ ಬಾರದು, ಮಿಥೇನ್ ಬೆಂಕಿ ಹಿಡಿಯುವ ಗಾಳಿ.

2013ರ ಕಾನೂನಿನ ಪ್ರಕಾರ ರಕ್ಷಣಾ ಸಾಧನ, ಮುನ್ನೆಚ್ಚರಿಕೆ ಇಲ್ಲದೆ ಯಾರನ್ನೂ ಕೊಳಚೆ ಲೈನು ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ನೇರವಾಗಿಯೂ ಇಲ್ಲ, ಬೇರೆಯವರ ಮೂಲಕವೂ ಇಲ್ಲ. ಮೊದಲ ತಪ್ಪಿಗೆ 2 ವರ್ಷದ ತನಕ ಸಜೆ, 2 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಇಂಥ ಸಾವಿಗೆ ಕೊಡುವ ಪರಿಹಾರವನ್ನು 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಕಾನೂನು ಹಾಗಿರಲಿ. ನಮ್ಮ ಎಂಜಲು ತೊಳೆದ ನೀರಿನಲ್ಲಿ ಒಬ್ಬ ತಾಯಿಯ ಮಗ ಸತ್ತರೆ ಆ ಹೋಟೆಲಿನ ಅನ್ನ ನಮಗೆ ಇಳಿಯುತ್ತದೆಯೇ? ಯಂತ್ರಕ್ಕೆ ಹೆಚ್ಚು ಹಣ ಎನ್ನುವಾಗ ಇದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಕಟ್ಟದಂತೆ ಮಾಡುವುದು

ಆ ಆಗಸ್ಟಿನಲ್ಲಿ ನಾನು ಗ್ರೀಸ್ ಟ್ರ್ಯಾಪ್ ಹಾಕಿಸಿದೆ. ಇಂಥ ಎರಡು ಬಿಲ್ಲಿನ ಹಣದೊಳಗೆ ಮುಗಿಯಿತು. ಅದು ಕೋಣೆ ಕೋಣೆ ಮಾಡಿದ ಒಂದು ಪೆಟ್ಟಿಗೆ. ನೀರು ಅದರಲ್ಲಿ ನಿಧಾನಿಸಿ ತಣಿಯುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ಅನ್ನಕಾಳು ತಳಕ್ಕೆ ಕೂರುತ್ತದೆ, ನಡುವಿನ ನೀರು ಮಾತ್ರ ಹೊರಗೆ ಹೋಗುತ್ತದೆ. ಮೇಲಿನ ಜಿಡ್ಡೂ ತಳದ ಕೆಸರೂ ಸೇರಿ ಪೆಟ್ಟಿಗೆಯ ಕಾಲುಭಾಗ ತುಂಬುವ ಮೊದಲೇ ತೆಗೆಯಬೇಕು. ತೆಗೆಯದಿದ್ದರೆ ಅದು ಇದ್ದೂ ಇಲ್ಲದಂತೆ.

ತಟ್ಟೆಯನ್ನು ಮೊದಲು ಡಬ್ಬಿಗೆ ಒರೆಸಿ ಆಮೇಲೆ ನೀರಿಗೆ ಹಾಕುವುದನ್ನು ಮೋರಿಯ ಹುಡುಗರಿಗೆ ಕಲಿಸಿದೆ. ಕರಿದ ಎಣ್ಣೆಯ ಒಂದು ಹನಿಯೂ ಮೋರಿಗೆ ಹೋಗುವುದಿಲ್ಲ, ಡಬ್ಬದಲ್ಲಿಟ್ಟು ಬಯೋಡೀಸೆಲಿಗೆ ಒಯ್ಯುವ ಅಧಿಕೃತರಿಗೆ ಕೊಡುತ್ತೇವೆ. 2018ರಲ್ಲಿ ಆಹಾರ ಸುರಕ್ಷಾ ಪ್ರಾಧಿಕಾರ ಆರಂಭಿಸಿದ ಯೋಜನೆ ಇದು. ಎಸೆಯುತ್ತಿದ್ದುದಕ್ಕೆ ಈಗ ನಾಲ್ಕು ಕಾಸು ಬರುತ್ತದೆ. ಮನೆಯಲ್ಲಿಯೂ ಬಾಣಲೆಯನ್ನು ಹಳೆಯ ಪೇಪರಿನಲ್ಲಿ ಒರೆಸಿ ತೊಳೆದರೆ ಪ್ಲಂಬರಿನ ಮುಖ ನೋಡುವುದು ಕಡಿಮೆಯಾಗುತ್ತದೆ.

ಅಂದಿನಿಂದ ರಾತ್ರಿ ಹೊತ್ತು ಯಾರನ್ನೂ ಕರೆಸುವ ಪ್ರಸಂಗ ನನಗೆ ಬಂದಿಲ್ಲ. ಪ್ರತಿ ಮೇ ತಿಂಗಳಲ್ಲಿ ಸೊಸೈಟಿಯವರೂ ನಾನೂ ಸೇರಿ ಒಮ್ಮೆ ಯಂತ್ರ ಹಾಕಿಸುತ್ತೇವೆ, ಖರ್ಚು ಅರ್ಧ ಅರ್ಧ.

ಕೊನೆಗೆ ಸಂಘಕ್ಕೆ ಒಂದು ವಿನಂತಿ. ಒಂದೊಂದು ಹೋಟೆಲಿನವರು ಬೇರೆ ಬೇರೆಯಾಗಿ ಕರೆದರೆ ಯಂತ್ರದವರು ಪ್ರತಿಯೊಬ್ಬರಿಗೂ ಬಂದು ಹೋಗುವ ಬಾಡಿಗೆ ಹಾಕುತ್ತಾರೆ. ಒಂದು ರಸ್ತೆಯ ಐದಾರು ಹೋಟೆಲಿನವರು ಸೇರಿ ಒಂದೇ ದಿನ ಕರೆದರೆ ಅದು ಹಂಚಿ ಹೋಗುತ್ತದೆ. ಮಳೆಗಾಲಕ್ಕೆ ಮೊದಲು ಸಂಘವೇ ಮುಂದೆ ನಿಂತು, ಯಾರನ್ನೂ ಒಳಗೆ ಇಳಿಸುವುದಿಲ್ಲ ಎಂಬ ಶರತ್ತಿನೊಡನೆ ದರ ಗೊತ್ತುಮಾಡಿ ಕೊಟ್ಟರೆ ಸದಸ್ಯರಿಗೆ ದೊಡ್ಡ ಉಪಕಾರ. ನಮ್ಮ ರಸ್ತೆಯಲ್ಲಿ ಮನೆಮನೆಗೆ ಹೋಗಿ ಹೇಳುವ ಕೆಲಸ ನಾನು ಮಾಡುತ್ತೇನೆ.