ಬದುವಿನಲ್ಲಿ ಸುಡುವ ಪೈಪಿನ ಲೆಕ್ಕ

ಹನಿ ನೀರಾವರಿ ಪೈಪು ಜೋಡಿಸುವುದು ನನ್ನ ಕಸುಬು. ಮನೆ ಕೊಟ್ಟೂರಿನಲ್ಲಿ. ಕೆಲಸ ಹಗರಿಬೊಮ್ಮನಹಳ್ಳಿಯ ದಾಳಿಂಬೆ ತೋಟ, ಹಡಗಲಿಯ ಮಲ್ಲಿಗೆ ಹೊಲ, ಕೂಡ್ಲಿಗಿ, ಹರಪನಹಳ್ಳಿ ಎಂದು ಎಲ್ಲಿ ಕರೆದರೆ ಅಲ್ಲಿ. ರೈತರು ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ಅಣ್ಣಾ, ರೀಸೈಕಲ್ ಪೈಪು ಅಗ್ಗ ಐತಿ, ಪರಿಸರಕ್ಕೂ ಚಲೋ ಅಂತಾರ. ಅದನ್ನೇ ಹಾಕ್ಸೋಣೇನು?" ಅಗ್ಗ ಎನ್ನುವುದು ನಿಜ. ಪರಿಸರದ ಮಾತನ್ನು ಮಾತ್ರ ಲೆಕ್ಕ ಹಾಕಿಯೇ ಹೇಳಬೇಕು.

ಹೊಸ ಪ್ಲಾಸ್ಟಿಕ್ ಹುಟ್ಟುವುದು ಕಚ್ಚಾ ತೈಲ ಇಲ್ಲವೇ ನೈಸರ್ಗಿಕ ಅನಿಲದಿಂದ. ತೈಲದಿಂದ ಬಂದ ನಾಫ್ತಾವನ್ನು 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ ಒಡೆದರೆ ಎಥಿಲೀನ್, ಅದನ್ನು ಸರಪಳಿಯಾಗಿ ಕೂಡಿಸಿದರೆ ಪಾಲಿಥಿನ್. ಹಳೆಯದನ್ನು ಮತ್ತೆ ಬಳಸುವಾಗ ಈ ಹಾದಿಯೇ ಬೇಕಿಲ್ಲ. ತೊಳೆದು, ತುಂಡರಿಸಿ, 200 ಡಿಗ್ರಿ ಆಸುಪಾಸಿನಲ್ಲಿ ಕರಗಿಸಿ ಕಾಳು ಮಾಡಿದರೆ ಸಾಕು. ಅಮೆರಿಕದ ಪ್ಲಾಸ್ಟಿಕ್ ಮರುಬಳಕೆದಾರರ ಸಂಘಕ್ಕಾಗಿ 2018ರಲ್ಲಿ ನಡೆದ ಅಧ್ಯಯನದ ಪ್ರಕಾರ, ಒಂದು ಕಿಲೋ ಹೊಸ ಎಚ್‌ಡಿಪಿಇ (ಗಟ್ಟಿ ಬಗೆಯ ಪಾಲಿಥಿನ್) ಕಾಳಿಗೆ ಸುಮಾರು 1.9 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಗಾಳಿ ಸೇರುತ್ತದೆ. ಮರುಬಳಕೆಯ ಕಾಳಿಗೆ ಸುಮಾರು 0.56 ಕಿಲೋ. ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ನಮ್ಮ ಡ್ರಿಪ್ ಪೈಪೂ ಇದೇ ಪಾಲಿಥಿನ್ ಬಳಗದ್ದು. ಕಾಳು ಕರಗಿಸುವ ನಮ್ಮ ಕರೆಂಟಿನಲ್ಲಿ ಕುಡತಿನಿಯ ಉಷ್ಣ ಸ್ಥಾವರದ ಕಲ್ಲಿದ್ದಲೂ ಇದೆ, ಹರಪನಹಳ್ಳಿ ಗುಡ್ಡಗಳ ಗಾಳಿಯಂತ್ರವೂ ಇದೆ. ಹಾಗಾಗಿ ಅಂಕಿ ತುಸು ಅತ್ತಿತ್ತ ಆದೀತು, ಆದರೂ ಅಂತರ ದೊಡ್ಡದೇ.

ಇಷ್ಟಕ್ಕೇ ನಿಲ್ಲಿಸುವವರು ರೀಸೈಕಲ್ ಪೈಪನ್ನೇ ಹಾಕಿಸಿ ಎನ್ನುತ್ತಾರೆ. ನಾನು ನಿಲ್ಲಿಸಲಾರೆ. ಪೈಪು ಹೊಲದಲ್ಲಿ ಎಷ್ಟು ವರ್ಷ ಬಾಳುತ್ತದೆ, ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಿಲೋ ಲೆಕ್ಕ ಹೇಳುವುದಿಲ್ಲ.

ಒಂದು ಎಕರೆ ದಾಳಿಂಬೆ ತಗೊಳ್ಳಿ. ಸಾಲಿಂದ ಸಾಲಿಗೆ 12 ಅಡಿ, ಸಾಲಿಗೆ ಒಂದೇ ಎಳೆ. ಸುಮಾರು 1,100 ಮೀಟರ್ ಪೈಪು ಬೇಕು. ದಪ್ಪ ಗೋಡೆಯ 16 ಎಂಎಂ ಪೈಪಾದರೆ ತೂಕ 55 ಕಿಲೋ ಆಸುಪಾಸು. ಹೊಸ ಕಾಳಿನದಾದರೆ ಇಂಗಾಲದ ಹೊರೆ ಸುಮಾರು 105 ಕಿಲೋ, ಮರುಬಳಕೆಯದಾದರೆ 31. ಹೊಸದು ಏಳು ವರ್ಷ ಬಂತು, ಮರುಬಳಕೆಯದು ಎರಡೇ ವರ್ಷಕ್ಕೆ ಸೀಳಿತು ಎನ್ನಿ. ವರ್ಷಕ್ಕೆ ಹಂಚಿ ನೋಡಿದರೆ ಎರಡೂ ಹದಿನೈದರ ಹತ್ತಿರವೇ ಬಂದು ನಿಲ್ಲುತ್ತವೆ. ಉಳಿತಾಯವೆಂದು ಕಂಡದ್ದೆಲ್ಲ ಬಿಸಿಲಲ್ಲಿ ಕರಗಿತು.

ಇನ್ನು ಬೆಂಕಿಯ ಲೆಕ್ಕ. ಹಾಳಾದ ಪೈಪನ್ನು ಬದುವಿನಲ್ಲೇ ಸುಡುವುದುಂಟು. ಪಾಲಿಥಿನ್‌ನ ತೂಕದಲ್ಲಿ ಏಳರಲ್ಲಿ ಆರು ಪಾಲು ಇಂಗಾಲವೇ. ಒಂದು ಕಿಲೋ ಪೂರ್ತಿ ಉರಿದರೆ 3.1 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. 55 ಕಿಲೋ ಪೈಪನ್ನು ಬದುವಿನಲ್ಲಿ ಸುಟ್ಟರೆ ಸುಮಾರು 173 ಕಿಲೋ! ಹೊಸ ಕಾಳು ಮಾಡುವಾಗ ಬಂದದ್ದಕ್ಕಿಂತ ಜಾಸ್ತಿ. ಏಳು ವರ್ಷಕ್ಕೊಮ್ಮೆ ಸುಡುವುದಕ್ಕೂ ಎರಡು ವರ್ಷಕ್ಕೊಮ್ಮೆ ಸುಡುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ: ಮಾಡಿದ್ದು, ಸುಟ್ಟದ್ದು ಎರಡೂ ಸೇರಿ ಹೊಸ ಪೈಪಿನದು ವರ್ಷಕ್ಕೆ 40 ಕಿಲೋ, ಬೇಗ ಸೀಳುವ ರೀಸೈಕಲ್ ಪೈಪಿನದು ನೂರಕ್ಕೂ ಮೇಲೆ. ಜೊತೆಗೆ ಪಿವಿಸಿ ತುಂಡು ಬೆರೆತು ಉರಿದರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ನಂಥ ವಿಷ. ಆ ಹೊಗೆ ಕುಡಿಯುವವರು ಅಲ್ಲೇ ಕಳೆ ಕೀಳುತ್ತಿರುವ ಹೆಣ್ಣುಮಕ್ಕಳು. ನನಗೆ ತಡೆಯಲಾಗದ ಸಂಕಟ ಇದು.

ಮರುಬಳಕೆಯ ಪ್ಲಾಸ್ಟಿಕ್ಕೇ ಬೇಡ ಎನ್ನುತ್ತಿಲ್ಲ. ನೀರಿನ ಒತ್ತಡ ತಾಳಬೇಕಾದ ತೆಳು ಪೈಪಿಗೆ ಅದು ಹೊಂದುವುದಿಲ್ಲ, ಅಷ್ಟೇ. ಬಿಸಿಲಿಗೆ ಸರಪಳಿ ತುಂಡಾದ, ಮಣ್ಣು ಬೆರೆತ ಕಾಳು ಅಲ್ಲಿ ಬಿರಿಯುತ್ತದೆ. ಅದೇ ಕಾಳಿನಿಂದ ದಪ್ಪದ ಕರಿ ಬುಟ್ಟಿ, ಬಕೆಟ್ಟು, ವೈರಿನ ಕೊಳವೆ ಮಾಡಿದರೆ ವರ್ಷಾನುಗಟ್ಟಲೆ ಬಾಳುತ್ತವೆ, ಅಷ್ಟು ಹೊಸ ಪ್ಲಾಸ್ಟಿಕ್ಕಿನ ಬೇಡಿಕೆಯೂ ತಗ್ಗುತ್ತದೆ. ಹೊಲಕ್ಕೆ ಗಟ್ಟಿ ಪೈಪು, ಅದರ ಮುದಿತನಕ್ಕೆ ಗುಜರಿ. ನಾನು ಹೇಳುವುದು ಇದನ್ನೇ.

ಗುಜರಿಯವರು ಮಣ್ಣು ಮೆತ್ತಿದ್ದಕ್ಕೆ ರೇಟು ಇಳಿಸುತ್ತಾರೆ. ಪಿವಿಸಿ ಬೆರೆತಿದ್ದರೆ ಮುಟ್ಟುವುದೇ ಇಲ್ಲ. ಬೆರೆಸಿ ಕರಗಿಸಿದರೆ ಇಡೀ ಕಾಳು ಕೆಡುತ್ತದೆಂದು ಅವರಿಗೆ ಗೊತ್ತು. ಆದ್ದರಿಂದ ಪೈಪು ಕೀಳುವಾಗಲೇ ಕೊಡವಿ, ಸುರುಳಿ ಸುತ್ತಿ, ಜಾಯಿನರ್, ವಾಲ್ವು, ಪಿವಿಸಿ ಬೇರೆ ಮಾಡಿಡಿ. ಬೋರಿನ ನೀರಿನ ಉಪ್ಪು ಕಟ್ಟಿದ ಪೈಪನ್ನು ಎಸೆಯುವ ಮುನ್ನ ಆಸಿಡ್ ಟ್ರೀಟ್‌ಮೆಂಟ್ ಮಾಡಿಸಿ ನೋಡಿ, ಎಷ್ಟೋ ಪೈಪಿಗೆ ಮತ್ತೆರಡು ಬೆಳೆಯ ಆಯುಸ್ಸು ಸಿಗುತ್ತದೆ. ಮಲ್ಚಿಂಗ್ ಹಾಳೆಯ ಪಾಡು ಬೇರೆ. ತೆಳುವಾದ ಆ ಹಾಳೆಗಿಂತ ಮೆತ್ತಿದ ಮಣ್ಣಿನ ಭಾರವೇ ಹೆಚ್ಚು, ಅದನ್ನು ಯಾರೂ ಕೊಳ್ಳುವುದಿಲ್ಲ.

ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ತಂದ ಉತ್ಪಾದಕರೇ ಕಸದ ಹೊಣೆ ಹೊರಬೇಕೆಂಬ ನಿಯಮಗಳು ಪ್ಯಾಕಿಂಗ್ ಪ್ಲಾಸ್ಟಿಕ್ಕಿಗೆ ಸಂಬಂಧಿಸಿದವು. ಹಾಲಿನ ಪ್ಯಾಕೆಟ್ಟು ಅದರೊಳಗೆ ಬರುತ್ತದೆ, ಡ್ರಿಪ್ ಪೈಪು ಬರುವುದಿಲ್ಲ. ಆದರೆ ಡ್ರಿಪ್ ಪೈಪು ಸಬ್ಸಿಡಿಯ ಕಡತದಲ್ಲಿ ಬರುತ್ತದೆ. ಸರ್ಕಾರದ ದುಡ್ಡಿನಲ್ಲಿ ಹೊಸ ಪೈಪು ಕೊಡುವಾಗ, ಹಳೆಯದನ್ನು ಗುಜರಿಗೆ ಹಾಕಿದ ಚೀಟಿಯನ್ನು ಅರ್ಜಿಯ ಜೊತೆ ಕೇಳಲಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪಕ್ಕದಲ್ಲಿ ಅದೊಂದು ಚೀಟಿ ಇಡಲು ನಮ್ಮ ರೈತರಿಗೆ ಭಾರವಾಗದು.